ಬಾಯ್ಲರ್ ಪಾತ್ರಧಾರಿ

ಕ್ರಿಸ್ಪಿನ್ ವೇಲ್‌ನ ಕಿವಿಯ ವಿಚಾರವನ್ನು ಮೊದಲು ಹೇಳಬೇಕು, ಏಕೆಂದರೆ ಬರಿಗೈ ನಾಟಕ ತಂಡ ಬದುಕಿದ್ದೇ ಆ ಕಿವಿಯ ಮೇಲೆ. ಪ್ರತಿ ಸಂಜೆ ಅವನು ವೇದಿಕೆಯ ಅಂಚಿಗೆ ಬಂದು, ಎರಡೂ ಕೈ ಅಗಲಿಸಿ, ಪ್ರೇಕ್ಷಕರಲ್ಲಿ ಒಂದೇ ಒಂದು ಪದವನ್ನು ಬೇಡುತ್ತಿದ್ದ. ಆ ಒಂದು ಪದದಿಂದ ತಾವು ನಾಲ್ವರು, ಅಲ್ಲೇ, ಆ ಗಳಿಗೆಯಲ್ಲೇ, ಇಡೀ ಒಂದು ಹಾಸ್ಯನಾಟಕ ಹುಟ್ಟಿಸುತ್ತೇವೆ ಎಂದು ಸಾರುತ್ತಿದ್ದ. ಜನ ಕೂಗುತ್ತಿದ್ದರು. ಶೌಚಾಲಯ ಎನ್ನುತ್ತಿದ್ದರು, ಬಾಳೆಹಣ್ಣು ಎನ್ನುತ್ತಿದ್ದರು, ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು ತಮ್ಮ ಅತ್ತೆಯ ಹೆಸರು ಹೇಳಿಯೇ ಹೇಳುತ್ತಿದ್ದರು. ಕ್ರಿಸ್ಪಿನ್ ತಲೆ ವಾರೆ ಮಾಡಿ, ಕಣ್ಣು ಮುಚ್ಚಿ, ಎಲ್ಲವನ್ನೂ ಆಲಿಸಿ, ಕೊನೆಗೆ ಒಂದು ಬೆರಳನ್ನು ಮೇಲೆತ್ತುತ್ತಿದ್ದ.

"ಲೈಟ್‌ಹೌಸ್. ಲೈಟ್‌ಹೌಸ್ ಅಂದ್ರು ಯಾರೋ. ಅದ್ಭುತ."

ಯಾರೂ ಅಂದಿರುತ್ತಿರಲಿಲ್ಲ. ಆದರೆ ಒಬ್ಬೊಬ್ಬರೂ ಪಕ್ಕದವರು ಅಂದಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು. ಇಂಗ್ಲೆಂಡಿನ ಜನ ಸಾಮಾನ್ಯವಾಗಿ ಟಿಕೆಟ್ ಕೊಂಡ ಮೇಲೆ ಜಗಳಕ್ಕೆ ನಿಲ್ಲುವುದಿಲ್ಲ.

ಆ ಲೈಟ್‌ಹೌಸಿನಲ್ಲಿ ತಂಡದ ನಟಿ ಗೇನರ್ ಹೋಲ್‌ರಾಯ್ಡ್ ಎಷ್ಟೋ ವರ್ಷಗಳಿಂದ ವಿಧವೆಯಾಗಿದ್ದಳು. ಅವಳ ಗಂಡ ಕಡಲಲ್ಲಿ ಮುಳುಗಿರುತ್ತಿದ್ದ. ಕ್ಯಾಪ್ಟನ್ ಟೋಪಿ ಹಾಕಿದ ಕ್ರಿಸ್ಪಿನ್ ದೆವ್ವವಾಗಿ ಬಂದು ಅವಳನ್ನು ಹೆದರಿಸುತ್ತಿದ್ದ. ಕೀಬೋರ್ಡಿನ ಮುಂದೆ ಕೂತ ಎಮ್ಲಿನ್ ಎಂಬ ವೇಲ್ಸಿನವನು ಅದೇ ಮೂರು ಸ್ವರಗಳನ್ನು ಬಾರಿಸುತ್ತಿದ್ದ. ಸಾಸ್ಕಿಯಾ ಎಂಬ ಹುಡುಗಿ ಕಡಲಹಕ್ಕಿಯಾಗುತ್ತಿದ್ದಳು. ನಾಟಕ ಶಾಲೆಯಲ್ಲಿ ನಾಲ್ಕು ವರ್ಷ ಕಲಿತವಳು ಅವಳು. ಕಡಲಹಕ್ಕಿ ಬಹಳ ಚೆನ್ನಾಗಿತ್ತು.

ಪೋಸ್ಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ಹೀಗಿತ್ತು: ಏನೂ ಬರೆದಿಲ್ಲ, ಏನೂ ಕಲಿತಿಲ್ಲ. ಎರಡನೆಯ ಮಾತಾದರೂ ನಿಜ ಎಂದು ಎಮ್ಲಿನ್ ಹೇಳುತ್ತಿದ್ದ.

ಹಿಂದೆ ಹೀಗಿರಲಿಲ್ಲ ಎನ್ನುವುದೇ ಗೇನರ್‌ಳ ಸಂಕಟ. ಲೀಡ್ಸ್ ನಗರದ ಒಂದು ಪಬ್ಬಿನ ಮಹಡಿಯಲ್ಲಿ ಅವಳೂ ಕ್ರಿಸ್ಪಿನ್ನೂ ಆಶುನಾಟಕ ಶುರು ಮಾಡಿದಾಗ ಇಬ್ಬರಿಗೂ ಮುಂದಿನ ಮಾತು ಏನೆಂದು ಗೊತ್ತಿರುತ್ತಿರಲಿಲ್ಲ. ಆಗಾಗ ಅತಿ ಕೆಟ್ಟದಾಗಿ ಸೋಲುತ್ತಿದ್ದರು, ಆಗಾಗ ಜನ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರುತ್ತಿದ್ದರು. ಆಮೇಲೆ ವಿಟ್ಬಿ ಎಂಬ ಕಡಲೂರಿನಲ್ಲಿ ಒಬ್ಬ ಮೀನುಗಾರ ನಿಜವಾಗಿಯೂ ಲೈಟ್‌ಹೌಸ್ ಎಂದ. ಅವತ್ತಿನ ಆಟ ಎಷ್ಟು ಚೆನ್ನಾಗಿ ಬಂತೆಂದರೆ ಕ್ರಿಸ್ಪಿನ್ ಅದನ್ನು ಮರೆಯಲಾರದೆ ಹೋದ. ಮರುವಾರವೂ ಅದನ್ನೇ ಮಾಡಿದ. ಅದರ ಮರುವಾರವೂ. ಈ ನಡುವೆ ಅವರ ಮದುವೆಯಾಯಿತು, ಮದುವೆ ಮುರಿಯಿತು, ಮನೆ ಬೇರೆಯಾಯಿತು, ನಾಯಿ ಕ್ರಿಸ್ಪಿನ್‌ನ ಪಾಲಿಗೆ ಹೋಯಿತು. ವ್ಯಾನ್ ಮಾತ್ರ ಒಂದೇ ಇದ್ದುದರಿಂದ ತಂಡವನ್ನು ಪಾಲು ಮಾಡಲು ಬರಲಿಲ್ಲ.

ಆ ಮಾರ್ಚ್ ತಿಂಗಳ ಪ್ರವಾಸ ಯಾರ್ಕ್‌ಶೈರ್ ಕಣಿವೆಗಳ ಸಣ್ಣ ಊರುಗಳಿಗೆ. ಹಳ್ಳಿಗಾಡಿಗೂ ಕಲೆ ತಲುಪಬೇಕು ಎಂಬ ಒಂದು ಯೋಜನೆಯಿತ್ತು. ಕಲೆ ಎಂದು ತಲುಪಿದ್ದು ಈ ವ್ಯಾನ್. ಮೂರನೆಯ ಊರು ಸ್ಕೆಲ್‌ಬೆಕ್. ಒಂದು ಚರ್ಚು, ಒಂದು ಪಬ್ಬು, ಲೆಕ್ಕವಿಲ್ಲದಷ್ಟು ಕುರಿ, ಒಂದು ಸಮುದಾಯ ಭವನ. ಭವನದ ಬಾಗಿಲಲ್ಲಿ ಸಮಿತಿಯ ಅಧ್ಯಕ್ಷೆ ಏವಿಸ್ ಥ್ವೇಟ್ ಕೈಗವಸು ಹಾಕಿಕೊಂಡೇ ಕೈಕುಲುಕಿದಳು. ಒಳಗೆ ಹೋದ ಮೇಲೂ ಅವಳು ಕೈಗವಸು ತೆಗೆಯಲಿಲ್ಲ. ಯಾಕೆಂದು ಗೇನರ್‌ಗೆ ಕೂಡಲೇ ಗೊತ್ತಾಯಿತು. ಹೊರಗಿನ ಚಳಿಯಲ್ಲಿ ಗಾಳಿಯಾದರೂ ಓಡಾಡುತ್ತಿತ್ತು. ಒಳಗಿನ ಚಳಿ ಬಾಡಿಗೆ ಕೊಟ್ಟು ಕೂತಂತೆ ಕೂತಿತ್ತು.

"ಭವನ ಬೆಚ್ಚಗಿಡೋ ಬಾಯ್ಲರ್ ಸ್ವಲ್ಪ ತೊಂದರೆ ಕೊಡ್ತಿದೆ," ಎಂದಳು ಏವಿಸ್.

"ಯಾವಾಗಿಂದ?" ಎಂದು ಸಾಸ್ಕಿಯಾ ಕೇಳಿದಳು.

"ಹೋದ ವರ್ಷದ ಹಿಂದಿನ ವರ್ಷದಿಂದ." ಏವಿಸ್ ಧ್ವನಿ ತಗ್ಗಿಸಿದಳು. "ನೆಲದಿಂದ ಬಿಸಿ ಎಳೆದುಕೊಳ್ಳೋ ಹೊಸ ಯಂತ್ರ ಬರುತ್ತಲ್ಲಾ, ಅದನ್ನ ಹಾಕ್ಸೋಣ ಅಂತ ನಾವು. ಹಳೇದನ್ನೇ ರಿಪೇರಿ ಮಾಡೋಣ ಅಂತ ಗಾರ್ಡನ್ ಮೆಟ್ಕಾಫ್ ಕಡೆಯವರು. ಅದನ್ನ ಕೂರಿಸಿದ್ದೇ ಅವನು. ಈಗ ಅವರು ನಮ್ಮ ಜೊತೆ ಮಾತಾಡಲ್ಲ. ನಾವೂ ಅಷ್ಟೇ ಅನ್ನಿ. ನಿಮ್ಮ ನಾಟಕಕ್ಕೆ ಮಾತ್ರ ಎಲ್ರೂ ಬರ್ತಿದಾರೆ, ಯಾಕಂದ್ರೆ ಆ ಕಡೆಯವರು ಬರ್ತಾರೆ ಅಂತ ಈ ಕಡೆಯವರು ಟಿಕೆಟ್ ತಗೊಂಡ್ರು."

ಕ್ರಿಸ್ಪಿನ್ ಕೈಮುಗಿದವನಂತೆ ನಕ್ಕು, ಕಲೆ ಜನರನ್ನು ಒಂದುಗೂಡಿಸುತ್ತದೆ ಎಂದು ಏನೋ ಹೇಳಿದ. ಏವಿಸ್ ಅವನನ್ನು ಒಂದು ಗಳಿಗೆ ನೋಡಿ, ಚಹಾ ಎಲ್ಲಿದೆ ಎಂದು ತೋರಿಸಲು ಹೋದಳು.

ಸಂಜೆ ಊರು ಎರಡು ಭಾಗವಾಗಿ ಬಂದು ಕೂತಿತು. ನಡುವಿನ ದಾರಿಯ ಎಡಕ್ಕೆ ಏವಿಸ್ ಕಡೆಯವರು, ಬಲಕ್ಕೆ ಗಾರ್ಡನ್ ಕಡೆಯವರು. ಎಲ್ಲರೂ ಕೋಟು, ಮಫ್ಲರು, ಕೆಲವರು ಮನೆಯಿಂದ ತಂದ ಕಂಬಳಿ. ಮುಂದಿನ ಸಾಲಿನ ಸರಿಯಾಗಿ ಮಧ್ಯದಲ್ಲಿ, ದಾರಿಗೇ ಅಡ್ಡವಾಗಿ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದವಳು ನೊರೀನ್ ರೇಸ್ಟ್ರಿಕ್. ಎಂಬತ್ತು ದಾಟಿದ ಹೆಂಗಸು. ಯಾವ ಕಡೆಗೂ ಸೇರಿದವಳಲ್ಲ. ಎರಡೂ ಕಡೆಯವರನ್ನು ಬಯ್ಯುವ ಹಕ್ಕು ಇಟ್ಟುಕೊಂಡವಳು.

ಕ್ರಿಸ್ಪಿನ್ ಬಂದ, ಕೈ ಅಗಲಿಸಿದ, ಪದ ಬೇಡಿದ. ಊರು ಕೂಗಿತು. ಅವನು ತಲೆ ವಾರೆ ಮಾಡಿ, ಕಣ್ಣು ಮುಚ್ಚಿ, ಬೆರಳೆತ್ತಿದ.

"ಲೈಟ್‌ಹೌಸ್. ಯಾರೋ ಲೈಟ್‌ಹೌಸ್ ಅಂದ್ರು. ಅದ್ಭುತ."

"ಯಾರೂ ಅನ್ನಲಿಲ್ಲ," ಎಂದಳು ನೊರೀನ್.

ಕ್ರಿಸ್ಪಿನ್ ಕಣ್ಣು ತೆರೆದ. "ಏನಂದ್ರಿ ಅಮ್ಮಾ?"

"ಲೈಟ್‌ಹೌಸ್ ಅಂತ ಯಾರೂ ಅನ್ನಲಿಲ್ಲ ಅಂದೆ. ನಾನು ಬಾಯ್ಲರ್ ಅಂದೆ. ನಿಂಗೆ ಕೇಳಿಸ್ಲಿಲ್ವೇನೋ ಅಂತ ಇನ್ನೊಂದ್ಸಲ ಅಂದೆ. ನನ್ನ ಹಿಂದಿರೋನು ಸಾಸೇಜ್ ಅಂದ. ಆ ಮೂಲೇಲಿ ಯಾರೋ ಪಾರಿವಾಳ ಅಂದ್ರು. ಲೈಟ್‌ಹೌಸ್ ಅಂದೋರು ಯಾರು, ಕೈ ಎತ್ಲಿ ನೋಡೋಣ."

ಒಂದು ಕೈಯೂ ಮೇಲೇಳಲಿಲ್ಲ. ಇಷ್ಟು ವರ್ಷ ಪಕ್ಕದವರ ಮೇಲೆ ನಂಬಿಕೆ ಇಟ್ಟು ಸುಮ್ಮನಿದ್ದ ಒಂದು ಇಡೀ ದೇಶದ ಪ್ರೇಕ್ಷಕರ ಪರವಾಗಿ ಸ್ಕೆಲ್‌ಬೆಕ್ ತನ್ನ ಪಕ್ಕದವರನ್ನು ತಿರುಗಿ ನೋಡಿತು.

"ಸಮುದ್ರ ಇಲ್ಲಿಂದ ಎಷ್ಟು ದೂರ ಇದೆ ಅಂತ ಗೊತ್ತೇನಪ್ಪಾ ನಿಂಗೆ?" ಎಂದು ನೊರೀನ್ ಕನಿಕರದಿಂದಲೇ ಕೇಳಿದಳು.

ಕ್ರಿಸ್ಪಿನ್‌ನ ನಗು ಮುಖದ ಮೇಲೆ ಹಾಗೇ ಇತ್ತು, ಅದರ ಹಿಂದೆ ಇದ್ದವನು ಮಾತ್ರ ಎಲ್ಲಿಗೋ ಹೋಗಿದ್ದ. "ಬಾಯ್ಲರ್. ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಹಾಗಾದ್ರೆ ಒಂದು ಲೈಟ್‌ಹೌಸು, ಅದರೊಳಗೆ ಒಂದು ಬಾಯ್ಲರ್..."

"ಅಲ್ಲ ಕಣಪ್ಪಾ. ಈ ಭವನದ್ದು. ಅಗೋ ಆ ಬಾಗಿಲ ಹಿಂದೆ ಇರೋದು."

ಯಾರಿಗೂ ಮುಂದೇನೆಂದು ತಿಳಿಯಲಿಲ್ಲ. ಎಮ್ಲಿನ್ ಅಭ್ಯಾಸಬಲದಿಂದ ಅಲೆಯ ಸದ್ದು ಶುರು ಮಾಡಿದವನು ನಿಲ್ಲಿಸಿಬಿಟ್ಟ. ಎಷ್ಟೋ ಕಾಲದ ಮೇಲೆ ವೇದಿಕೆಯ ಮೇಲೆ ನಿಂತು ಗೇನರ್‌ಗೆ ಭಯವಾಗಿತ್ತು. ಬಾಯಲ್ಲಿ ಒಂದು ಮಾತೂ ಇರಲಿಲ್ಲ, ತಲೆಯಲ್ಲಿ ಒಂದು ಯೋಚನೆಯೂ ಇರಲಿಲ್ಲ; ಕಾಲು ಮಾತ್ರ ತಾನಾಗಿ ಮುಂದೆ ಹೋಯಿತು. ವೇದಿಕೆಯ ನಡುವೆ ಹೋಗಿ, ಹಿಂದಿನ ಪರದೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಭುಜ ಎತ್ತಿ, ಚೌಕವಾಗಿ ಕೂತಳು. ಹೊಟ್ಟೆಯಾಳದಿಂದ ಒಂದು ಗೊರಗೊರ ಹೊರಟಿತು.

"ಕೊನೆಗೂ ನನ್ನ ಹೆಸರು ಎತ್ತಿದ್ರಲ್ಲ," ಎಂದಳು. "ಎರಡು ಚಳಿಗಾಲ ಆಯ್ತು ಹೀಗೆ ಕತ್ತಲೇಲಿ ಕೂತು. ಹೇಗಿದೀಯಾ ಅಂತ ಒಬ್ಬರಾದ್ರೂ ಕೇಳಿದ್ರಾ? ಬರ್ತಾರೆ, ಒಂದು ಒದೀತಾರೆ, ಹೋಗ್ತಾರೆ."

ಎಡಗಡೆಯವರೆಲ್ಲ ತಟಕ್ಕನೆ ಚರ್ಚಿನ ಪಾದ್ರಿಯ ಕಡೆ ತಿರುಗಿದರು. ಪಾದ್ರಿ ಕಿವಿಯವರೆಗೆ ಕೆಂಪಾದ. ಆಮೇಲೆ ನಗು ಬಂತು, ಎಡದಿಂದ ಶುರುವಾಗಿ ಬಲಕ್ಕೆ ಹರಡಿತು. ಗೇನರ್‌ಗೆ ಆ ನಗು ಮೈಮೇಲೆ ಬಿಸಿನೀರು ಸುರಿದಂತಾಯಿತು.

ಸಾಸ್ಕಿಯಾ ಇನ್ನು ತಡೆಯಲಾರದೆ ಪಕ್ಕದಿಂದ ಬಂದಳು. ಕಡಲಹಕ್ಕಿಯ ರೆಕ್ಕೆಗಳನ್ನು ಅಲ್ಲೇ ಬಿಚ್ಚಿ ಎಸೆದು, ನೆಟ್ಟಗೆ ನಿಂತು, ಮೃದುವಾಗಿ ನಕ್ಕಳು. "ನಮಸ್ಕಾರ. ನಾನು ನೆಲದಿಂದ ಬಿಸಿ ತೆಗೆಯೋ ಹೊಸ ಯಂತ್ರ. ನನ್ನಲ್ಲಿ ಸದ್ದಿಲ್ಲ, ಹೊಗೆಯಿಲ್ಲ, ಯಾವ ಅಭಿಪ್ರಾಯಾನೂ ಇಲ್ಲ."

"ನೋಡಿ, ನೋಡಿ," ಎಂದಳು ಬಾಯ್ಲರ್. "ಸೊಸೆ ಬಂದ್ಲು."

ಈ ಹೊತ್ತಿಗೆ ಕ್ರಿಸ್ಪಿನ್ ಕ್ಯಾಪ್ಟನ್ ಟೋಪಿ ಹಾಕಿಕೊಂಡಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು, "ದೂರದಲ್ಲಿ ಒಂದು ಹಡಗು ಕಾಣ್ತಿದೆ," ಎಂದ.

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಪ್ಪಾ," ಎಂದಳು ನೊರೀನ್. "ಬಾಯ್ಲರ್ ಕಾಣ್ಸಲ್ಲ."

ಅವನು ಪಕ್ಕಕ್ಕೆ ನಿಂತ. ಆಗ ಬಲಗಡೆಯ ನಡುಸಾಲಿನಲ್ಲಿ ಒಬ್ಬ ಉದ್ದನೆಯ ಮುದುಕ ಎದ್ದ. ಗಾರ್ಡನ್ ಮೆಟ್ಕಾಫ್ ಬದುಕಿಡೀ ನಲ್ಲಿ, ಕೊಳಾಯಿ, ಬಾಯ್ಲರುಗಳ ಕೆಲಸ ಮಾಡಿದವನು. ಸಾರ್ವಜನಿಕವಾಗಿ ಮಾತಾಡಿದ್ದು ತನ್ನ ಮದುವೆಯಲ್ಲಿ ಮಾತ್ರ, ಅದೂ ಒಂದೇ ಪದ ಎಂದು ಊರಲ್ಲಿ ಹೇಳುತ್ತಿದ್ದರು.

"ಅದು ಹಾಗೆ ಸದ್ದು ಮಾಡಲ್ಲ," ಎಂದ.

"ಕೂತ್ಕೊಳೋ ಗಾರ್ಡನ್," ಎಂದು ಯಾರೋ ಗದರಿದರು.

"ಬೇಡ, ನಿಂತಿರಲಿ," ಎಂದಳು ಬಾಯ್ಲರ್. "ನನ್ನ ಸದ್ದು ನಂಗೇ ಮರೆತುಹೋಗಿದೆ ಗಾರ್ಡನ್. ಹೇಗಿತ್ತು, ಮಾಡಿ ತೋರ್ಸು."

ಗಾರ್ಡನ್ ಒಮ್ಮೆ ಎಡಗಡೆ, ಒಮ್ಮೆ ಬಲಗಡೆ ನೋಡಿ, ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಶುರು ಮಾಡಿದ. ಮೊದಲು ಒಂದು ಸಣ್ಣ ಟಿಕ್‌ಟಿಕ್, ಆಮೇಲೆ ಒಂದು ಉಸಿರು ಎಳೆದ ಸದ್ದು, ಆಮೇಲೆ ಎದೆಯಿಂದ ಬಂದ ಒಂದು ಉದ್ದನೆಯ, ತಗ್ಗಿನ ಗುಂಯ್‌ಕಾರ. ನಗಲು ಸಿದ್ಧರಾಗಿ ಕೂತಿದ್ದವರು ನಗಲಿಲ್ಲ. ಅದು ಸರಿಯಾಗಿ ಅದೇ ಸದ್ದಾಗಿತ್ತು. ಆ ಭವನದಲ್ಲಿ ಮದುವೆಯಾದವರು, ಕ್ರಿಸ್ಮಸ್ ನಾಟಕದಲ್ಲಿ ಕುರಿಯಾದವರು, ತಾಯಿಯ ಶವಸಂಸ್ಕಾರದ ಮೇಲೆ ಸ್ಯಾಂಡ್‌ವಿಚ್ ತಿಂದವರು ಎಲ್ಲರೂ ಆ ಸದ್ದಿನ ಕೆಳಗೇ ಅದನ್ನೆಲ್ಲ ಮಾಡಿದ್ದರು. ಎಮ್ಲಿನ್ ಕೀಬೋರ್ಡಿನಲ್ಲಿ ಆ ಸ್ವರವನ್ನು ಹಿಡಿದು ಮೆಲ್ಲಗೆ ಜೊತೆಗೊಟ್ಟ. ಅವನ ನಾಲ್ಕನೆಯ ಸ್ವರ.

ಚಪ್ಪಾಳೆ ನಿಂತ ಮೇಲೆ ಗೇನರ್ ಕೇಳಿದಳು. ತಾನು ಅದನ್ನು ಕೇಳುತ್ತೇನೆಂದು ಕೇಳುವವರೆಗೂ ಅವಳಿಗೆ ಗೊತ್ತಿರಲಿಲ್ಲ. "ನಿಜ ಹೇಳು ಗಾರ್ಡನ್. ನಾನಿನ್ನು ಏಳ್ತೀನಾ?"

ಗಾರ್ಡನ್ ತನ್ನ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಇಲ್ಲ," ಎಂದ. "ಒಳಗೆ ಪೂರ್ತಿ ಸೀಳಿಹೋಗಿದೆ. ಹೋದ ವರ್ಷಾನೇ ನೋಡಿದೆ."

ಏವಿಸ್ ಥ್ವೇಟ್ ಎಡಗಡೆಯಿಂದ ಎದ್ದುಬಿಟ್ಟಳು. "ಹೋದ ವರ್ಷವೇ ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ? ನಾವು ಇಷ್ಟು ದಿನ ಇಲ್ಲಿ ಹೆಪ್ಪುಗಟ್ಟಿ ಕೂತಿದೀವಲ್ಲ."

"ನೀವು ತೆಗೆದು ಬಿಸಾಕ್ತೀವಿ ಅಂತ ಹೇಳಿದ್ರಿ," ಎಂದ ಗಾರ್ಡನ್. "ಏನ್ಮಾಡೋಣ ಅಂತ ಕೇಳ್ಲಿಲ್ಲ."

"ಕೇಳಿದ್ರೆ ಹೇಳ್ತಿದ್ಯಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಗೊತ್ತಿಲ್ಲ," ಎಂದ.

ಆಗ ನಕ್ಕರು. ಎರಡೂ ಕಡೆಯವರು ಒಟ್ಟಿಗೆ, ಕಣ್ಣೊರೆಸಿಕೊಳ್ಳುವ ಹಾಗೆ. ಏವಿಸ್ ಮಾತ್ರ ನಗಬಾರದೆಂದು ತುಟಿ ಕಚ್ಚಿ, ಸೋತು, ಕೈಗವಸಿನೊಳಗೆ ಮುಖ ಮುಚ್ಚಿಕೊಂಡಳು. ಕ್ರಿಸ್ಪಿನ್ ಟೋಪಿ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ, ಯಾರೋ ಅಲ್ಲಿ ಬಿಟ್ಟುಹೋದ ಕೋಟು ನೇತುಹಾಕುವ ಕಂಬದ ಹಾಗೆ.

ಮಧ್ಯಂತರದಲ್ಲಿ ಹೊರಗೆ ಲಾಟರಿ ಚೀಟಿ ಎತ್ತುತ್ತಿದ್ದರು. ಬಹುಮಾನ ಒಂದು ಶೆರ್ರಿ ವೈನಿನ ಬಾಟಲಿ, ಒಂದು ಬಿಸ್ಕತ್ತಿನ ಡಬ್ಬ. ಒಳಗೆ ಅಡುಗೆಮನೆಯಲ್ಲಿ ಕ್ರಿಸ್ಪಿನ್ ಗೇನರ್‌ಳನ್ನು ಫ್ರಿಜ್ಜಿಗೆ ಒತ್ತಿದಂತೆ ನಿಲ್ಲಿಸಿಕೊಂಡು ಪಿಸುಗುಟ್ಟಿದ.

"ಏನೇ ಅದು?"

"ಯಾವುದು?"

"ಆಶುನಾಟಕ ಅಂದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ಮಾಡೋದಲ್ಲ ಕಣೇ. ಅದಕ್ಕೊಂದು ಶಿಸ್ತಿದೆ. ಒಂದು ಪೂರ್ವಸಿದ್ಧತೆ ಇದೆ."

"ಆಯಮ್ಮ ಒಂದು ಪದ ಕೊಟ್ಲು ಕ್ರಿಸ್ಪಿನ್. ನೀನೇ ಕೇಳಿದ್ದು."

"ಕೇಳೋದು ಒಂದು ಮರ್ಯಾದೆ. ಅದನ್ನ ತಗೊಳ್ಳೋಕೆ ಅಲ್ಲ." ಅವನು ಹಣೆ ಒತ್ತಿಕೊಂಡ. "ನಂಗೆ ತಲೆನೋವು. ಎರಡನೇ ಭಾಗ ನೀವೇ ಏನಾದ್ರೂ ಮಾಡ್ಕೊಳ್ಳಿ. ನೋಡೋಣ."

ಅವನು ವ್ಯಾನಿಗೆ ಹೋಗಿ, ಗಾಜು ಏರಿಸಿ ಕೂತ. ಮೂವರೂ ಎರಡನೆಯ ಭಾಗ ಮಾಡಿದರು. ಸಾಸೇಜ್ ಮತ್ತು ಪಾರಿವಾಳ ಎರಡನ್ನೂ ತೆಗೆದುಕೊಂಡರು. ಪಾರಿವಾಳ ಸಾಧಾರಣ, ಸಾಸೇಜ್ ಪೂರ್ತಿ ಸೋತಿತು. ನಡುವೆ ಒಂದು ಕಡೆ ಮೂವರಿಗೂ ಏನೂ ತೋಚದೆ ಪರಸ್ಪರ ಮುಖ ನೋಡಿಕೊಂಡು ನಿಂತಾಗ ಸ್ಕೆಲ್‌ಬೆಕ್ ಅದಕ್ಕೂ ನಕ್ಕಿತು. ಗೇನರ್‌ಗೆ ಸೋಲಿನ ರುಚಿಯೇ ಮರೆತುಹೋಗಿತ್ತು. ಹಳೆಯ ಊರಿಗೆ ಹೋದಾಗ ಅಲ್ಲಿನ ಬೇಕರಿಯ ಬನ್ನು ಹಾಗೇ ಇದ್ದಂತೆ ಅನಿಸಿತು.

ಕಲಾವಿದರನ್ನು ಊರವರೇ ತಮ್ಮ ಮನೆಗಳಲ್ಲಿ ಉಳಿಸಿಕೊಳ್ಳುವ ಪದ್ಧತಿ. ಗೇನರ್ ನೊರೀನ್ ಪಾಲಿಗೆ ಬಂದಿದ್ದಳು. ಬೆಳಿಗ್ಗೆ ನೊರೀನ್ ಮೊಟ್ಟೆ, ಬೇಕನ್, ಹುರಿದ ಬ್ರೆಡ್ಡು ಬಡಿಸಿ ಎದುರು ಕೂತಳು.

"ಆ ಟೋಪಿಯವನು ನಿನ್ನ ಗಂಡನಾ ಮಗಳೇ?"

"ಆಗಿದ್ದ."

"ಹೂಂ. ಅವನು ನಿನ್ನ ಕಡೆ ನೋಡೋದು ನೋಡಿದ್ರೆ ಹಾಗನ್ನಿಸ್ತು. ಬಿಟ್ಟ ಮೇಲೂ ಒಂದೇ ಗಾಡೀಲಿ ಓಡಾಡ್ತೀರಾ?"

"ಬೇರೆ ಏನು ಮಾಡೋಕೆ ಬರುತ್ತೆ ನಂಗೆ?"

"ಬಾಯ್ಲರ್ ಚೆನ್ನಾಗಿ ಮಾಡ್ತೀಯಲ್ಲ," ಎಂದಳು ನೊರೀನ್. ಗೇನರ್ ಎಷ್ಟು ನಕ್ಕಳೆಂದರೆ ಚಹಾ ಮೂಗಿಗೆ ಹತ್ತಿತು. ನೊರೀನ್ ಮಾತ್ರ ನಗಲಿಲ್ಲ. ಅವಳು ತಮಾಷೆಗೆ ಹೇಳಿರಲಿಲ್ಲ.

ವ್ಯಾನಿನಲ್ಲಿ ಕ್ರಿಸ್ಪಿನ್ ಮುಖ ಊದಿಸಿಕೊಂಡಿರುತ್ತಾನೆ ಎಂದು ಎಲ್ಲರೂ ಸಿದ್ಧರಾಗಿ ಹೋದರೆ, ಅವನು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಾ ಕೂತಿದ್ದ. ತಲೆನೋವು ಮಾಯವಾಗಿತ್ತು. ಸಮಿತಿಯವರು ಬೆಳಿಗ್ಗೆ ಅವನ ಕೈಕುಲುಕಿ, ನಿಮ್ಮಂಥ ನಾಟಕ ಈ ಊರಲ್ಲಿ ಯಾವತ್ತೂ ಆಗಿರಲಿಲ್ಲ ಎಂದಿದ್ದರು. ಅವನು ಅದನ್ನು ಒಪ್ಪಿಕೊಂಡಿದ್ದ.

"ನಿನ್ನೆದು ಒಟ್ಟಾರೆ ಕೆಟ್ಟದಾಗೇನೂ ಬರ್ಲಿಲ್ಲ," ಎಂದ. "ನಾನು ಪಕ್ಕಕ್ಕೆ ಸರಿದು ನಿಂಗೆ ಜಾಗ ಬಿಟ್ಟುಕೊಟ್ಟಿದ್ದು ಕೆಲಸ ಮಾಡ್ತು. ಅದನ್ನ ಇಟ್ಕೊಳ್ಳೋಣ."

"ಯಾವುದನ್ನ?"

"ಬಾಯ್ಲರನ್ನ. ಲೈಟ್‌ಹೌಸ್ ಬಿಟ್ಟುಬಿಡೋಣ, ಹಳೇದಾಯ್ತು. ಇವತ್ತಿಂದ ಬಾಯ್ಲರ್."

ಅವತ್ತು ಸಂಜೆ ಮುಂದಿನ ಊರಿನಲ್ಲಿ ಜನ ಶೌಚಾಲಯ ಎಂದರು, ಬಾಳೆಹಣ್ಣು ಎಂದರು. ಕ್ರಿಸ್ಪಿನ್ ಕಣ್ಣು ಮುಚ್ಚಿ, ಬೆರಳೆತ್ತಿ, ಬಾಯ್ಲರ್ ಎಂದ. ಆ ಊರಿನ ಭವನ ಬೆಚ್ಚಗಿತ್ತು. ಜನ ತೋಳು ಮಡಚಿ ಕೂತಿದ್ದರು. ಗೇನರ್ ನಡುವೆ ಹೋಗಿ ಚೌಕವಾಗಿ ಕೂತು, ಎರಡು ಚಳಿಗಾಲದಿಂದ ಕತ್ತಲಲ್ಲಿದ್ದೇನೆ ಎಂದಳು. ತಮ್ಮ ಬಾಯ್ಲರ್ ಹೊಸದು ಎಂದು ಮೂರನೆಯ ಸಾಲಿನಿಂದ ಒಬ್ಬ ತಿದ್ದಿದ. ಗಾರ್ಡನ್‌ನ ಪಾತ್ರವನ್ನು ಈಗ ಕ್ರಿಸ್ಪಿನ್ ಮಾಡುತ್ತಿದ್ದ, ಹಳ್ಳಿಯವನ ರಾಗ ಎಳೆದು, ಬಾಯಲ್ಲಿ ಪುಸ್‌ಪುಸ್ ಎನ್ನುತ್ತಾ. ಜನ ನಕ್ಕರು. ಅದೇ ಗೇನರ್‌ಗೆ ತಡೆಯಲಾಗದ್ದು. ಟೋಪಿ ತಿರುಗಿಸುವುದನ್ನೂ ಅವನು ಬಿಟ್ಟಿರಲಿಲ್ಲ. ಎರಡನೆಯ ಭಾಗ ವ್ಯಾನಿನ ಗಾಜಿನೊಳಗಿಂದ ಅವನಿಗೆ ಕಾಣುವಂತಿರಲಿಲ್ಲ. ಆದರೆ ಅವನು ಮೊದಲ ಭಾಗವನ್ನೆಲ್ಲ ಎಷ್ಟು ಗಮನವಿಟ್ಟು ನೋಡಿದ್ದ ಎಂದು ಈಗ ತಿಳಿಯಿತು.

ಪ್ರವಾಸದ ಉಳಿದ ಊರುಗಳಲ್ಲೂ ಹೀಗೇ ನಡೆಯಿತು. ಕೊನೆಯ ಊರಿಗೆ ಯೋಜನೆಯ ಅಧಿಕಾರಿಣಿಯೊಬ್ಬಳು ಬಂದು, ನಾಟಕ ನೋಡಿ ಕಣ್ಣು ಒದ್ದೆ ಮಾಡಿಕೊಂಡಳು. ಇಷ್ಟು ಸಹಜವಾದದ್ದನ್ನು ತಾನು ಕಂಡೇ ಇಲ್ಲ, ಶರತ್ಕಾಲದಲ್ಲಿ ಊರೂರಿನ ದೊಡ್ಡ ರಂಗಮಂದಿರಗಳಲ್ಲಿ ಇದನ್ನು ಆಡಬೇಕು ಎಂದಳು. ಬಾಯ್ಲರ್ ಹೇಗೆ ಹೊಳೆಯಿತು ಎಂದು ಕೇಳಿದಳು. ಅದು ತನಗೆ ಒಂದು ಸಂಜೆ ತಾನಾಗಿ ಬಂತು, ಕಲಾವಿದ ಸುಮ್ಮನೆ ಕಿವಿಗೊಟ್ಟರೆ ಸಾಕು ಎಂದು ಕ್ರಿಸ್ಪಿನ್ ವಿನಯದಿಂದ ಹೇಳಿದ.

ಮರುದಿನ ಲೀಡ್ಸ್‌ಗೆ ಹಿಂತಿರುಗುವ ದಾರಿಯಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನ ಮುಂದೆ ವ್ಯಾನ್ ನಿಂತಿತು. ಎಮ್ಲಿನ್, ಸಾಸ್ಕಿಯಾ ಕಾಫಿ ತರಲು ಹೋದರು. ಗೇನರ್ ಮುಂದಿನ ಸೀಟಿನಲ್ಲೇ ಕೂತು, ಶರತ್ಕಾಲದ ಪ್ರವಾಸಕ್ಕೆ ತಾನು ಬರುವುದಿಲ್ಲ ಎಂದಳು.

ಕ್ರಿಸ್ಪಿನ್ ನಕ್ಕ. "ಆಶುನಾಟಕದಲ್ಲಿ ಒಲ್ಲೆ ಅನ್ನೋ ಮಾತೇ ಇಲ್ಲ ಕಣೇ. ಜೊತೆಗಾರ ಏನಂದ್ರೂ ಒಪ್ಕೊಂಡು ಮುಂದಕ್ಕೆ ಹೋಗ್ಬೇಕು. ಮೊದಲ ಪಾಠ."

"ನಾವೀಗ ವ್ಯಾನಲ್ಲಿದೀವಿ ಕ್ರಿಸ್ಪಿನ್."

"ನೀನಿಲ್ದೆ ಬಾಯ್ಲರ್ ಯಾರು ಮಾಡ್ತಾರೆ?"

ಆ ಪ್ರಶ್ನೆಯಲ್ಲಿ ನಿಜವಾದ ಗಾಬರಿಯಿತ್ತು. ಒಂದು ಗಳಿಗೆ ಗೇನರ್‌ಗೆ ಪಬ್ಬಿನ ಮಹಡಿಯ ಹುಡುಗ ಕಾಣಿಸಿದ, ಮಾತು ಮರೆತಾಗಲೆಲ್ಲ ಅವಳ ಕಡೆ ತಿರುಗುತ್ತಿದ್ದವನು. ಇವನಿಗೆ ಭಯ, ಬರೀ ಭಯ, ಎಂದು ಅವಳಿಗೆ ಹೊಳೆಯಿತು. ಇಷ್ಟು ವರ್ಷ ಅದನ್ನು ಜಂಬ ಎಂದುಕೊಂಡು ಕೋಪ ಮಾಡಿಕೊಂಡದ್ದಾಯಿತು. ಮನಸ್ಸು ಸ್ವಲ್ಪ ಕರಗಿತು. ಹಾಗೆ ಕರಗಿಯೇ ಅಲ್ಲವೆ ಇಷ್ಟು ವರ್ಷ ಕಳೆದದ್ದು ಎಂದು ನೆನಪಾಗಿ, ಬಾಗಿಲು ತೆರೆದು, ಹಿಂದಿನಿಂದ ತನ್ನ ಚೀಲ ಇಳಿಸಿಕೊಂಡಳು.

"ಇಲ್ಲಿಂದ ಹೇಗೆ ಹೋಗ್ತೀಯೇ?" ಎಂದ ಕ್ರಿಸ್ಪಿನ್.

ಅದು ಅವಳು ಯೋಚಿಸಿರಲಿಲ್ಲ. ಹೆದ್ದಾರಿಯ ಪಕ್ಕ ನಿಂತು, ಟ್ಯಾಕ್ಸಿಗೆ ಫೋನ್ ಮಾಡಿ, ಗಾಳಿಗೆ ಮುಖ ಕೊಟ್ಟು ಕಾಯುವಾಗ ಅವಳಿಗೆ ತಾನು ಮಹಾ ದಡ್ಡಿ ಎನಿಸಿತು. ಎಮ್ಲಿನ್ ತಂದ ಕಾಫಿಯನ್ನು ಅವಳ ಕೈಗಿಟ್ಟು, ಭುಜ ತಟ್ಟಿ ಹೋದ. ಅವನಿಗೂ ಹೊಟ್ಟೆಪಾಡು ಇತ್ತು. ಸಾಸ್ಕಿಯಾ ಅಪ್ಪಿಕೊಂಡು ಅತ್ತಳು, ಆಮೇಲೆ ಹೋದಳು.

ಕ್ರಿಸ್ಪಿನ್‌ಗೆ ಹೊಸ ಬಾಯ್ಲರ್ ಸಿಗಲು ವಾರವೂ ಹಿಡಿಯಲಿಲ್ಲವಂತೆ. ಬಂದವಳು ಬಹಳ ಕಲಿತ ನಟಿ. ಆಶುವಾಗಿ ಹೇಳಬೇಕಾದ ಮಾತುಗಳನ್ನೆಲ್ಲ ಒಂದೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡಳಂತೆ. ಶರತ್ಕಾಲದ ಆಟಗಳಿಗೆ ಜನ ತುಂಬಿದರು, ವಿಮರ್ಶಕರು ಅದರ ಸಹಜತೆಯನ್ನು ಕೊಂಡಾಡಿದರು. ಎಮ್ಲಿನ್ ಫೋನಿನಲ್ಲಿ ಇದನ್ನೆಲ್ಲ ಹೇಳಿ, ತನ್ನ ನಾಲ್ಕನೆಯ ಸ್ವರ ಈಗ ಖಾಯಂ ಆಗಿದೆ ಎಂದು ಸೇರಿಸಿದ.

ಗೇನರ್ ಆ ಹೊತ್ತಿಗೆ ಲೀಡ್ಸ್‌ನ ಒಂದು ಸಂಜೆ ಶಾಲೆಯಲ್ಲಿ ಆಶುನಾಟಕ ಕಲಿಸುತ್ತಿದ್ದಳು. ಬರುತ್ತಿದ್ದವರು ಒಬ್ಬ ನಿವೃತ್ತ ಬಸ್ ಚಾಲಕ, ಇಬ್ಬರು ನರ್ಸುಗಳು, ಮತ್ತು ಹೆಂಡತಿಯ ಬಲವಂತಕ್ಕೆ ಬಂದ ಒಬ್ಬ ವಕೀಲ. ಎಲ್ಲರೂ ಕೆಟ್ಟದಾಗಿ ಮಾಡುತ್ತಿದ್ದರು. ಪ್ರತಿ ವಾರ ಬೇರೆ ಬೇರೆ ರೀತಿಯಲ್ಲಿ ಕೆಟ್ಟದಾಗಿ ಮಾಡುತ್ತಿದ್ದರು ಎನ್ನುವುದೇ ಅವಳಿಗೆ ಸಮಾಧಾನ.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ನೊರೀನ್ ಫೋನ್ ಮಾಡಿದಳು.

"ಬಾಯ್ಲರ್ ತೆಗೀತಿದಾರೆ ಮಗಳೇ, ಈ ಶನಿವಾರ. ಹೊಸ ಯಂತ್ರ ಬರುತ್ತೆ. ಹಳೇದನ್ನ ಹೊರಗಿನವರು ಮುಟ್ಟಕೂಡ್ದು, ನಾನೇ ಬಿಚ್ತೀನಿ ಅಂತ ಗಾರ್ಡನ್ ಹಟ ಹಿಡಿದ. ಸರಿ ಅಂತ ಏವಿಸ್ ಒಪ್ಕೊಂಡ್ಲು. ಒಪ್ಕೊಳ್ಳೋಕೆ ಬೇಸಿಗೆಯೆಲ್ಲ ಹಿಡೀತು ಅನ್ನು. ಅವತ್ತು ನೀನೂ ಇರ್ಬೇಕಂತೆ."

"ಯಾರು ಹೇಳಿದ್ರು?"

"ಗಾರ್ಡನ್. ಅವಳಿಗೂ ಹೇಳಿ ಅಂದ. ಅಷ್ಟೇ ಅಂದಿದ್ದು. ಅವನ ಮಟ್ಟಿಗೆ ಅದೊಂದು ಭಾಷಣ."

ಗೇನರ್ ರೈಲು ಹಿಡಿದು, ಬಸ್ಸು ಬದಲಾಯಿಸಿ ಸ್ಕೆಲ್‌ಬೆಕ್ ತಲುಪಿದಾಗ ಭವನದ ಬಾಗಿಲೆಲ್ಲ ತೆರೆದಿತ್ತು. ಊರಿನ ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ. ಬಾಯ್ಲರನ್ನು ಅವಳು ಅವತ್ತೇ ಮೊದಲ ಸಲ ನೋಡಿದ್ದು. ಅದು ಚೌಕವಾಗಿರಲಿಲ್ಲ, ಉದ್ದಕ್ಕೆ, ಹಸಿರು ಬಣ್ಣಕ್ಕೆ, ಒಂದು ಪಕ್ಕ ಸ್ವಲ್ಪ ಸೊಟ್ಟಗಿತ್ತು. ತಾನು ಮಾಡಿದ್ದು ಒಂದೂ ಸರಿಯಿರಲಿಲ್ಲ ಎಂದು ಅವಳಿಗೆ ನಗು ಬಂತು. ಗಾರ್ಡನ್ ಮೊಣಕಾಲೂರಿ ಕೊನೆಯ ತಿರುಪು ಬಿಚ್ಚುತ್ತಿದ್ದ. ಅವಳನ್ನು ನೋಡಿ ತಲೆಯಾಡಿಸಿ, ಪಕ್ಕದಲ್ಲಿದ್ದ ಒಂದು ಜೊತೆ ದಪ್ಪ ಕೈಗವಸನ್ನು ಅವಳ ಕಡೆ ತಳ್ಳಿದ.

"ಎಡಗಡೆ ಹಿಡ್ಕೊ," ಎಂದ. "ಅದು ಭಾರ."

ಅವಳು ಹಿಡಿದಳು. ಇನ್ನೊಂದು ಕಡೆ ಪಾದ್ರಿ, ಹಿಂದೆ ಏವಿಸ್‌ಳ ಗಂಡ, ಮುಂದೆ ಗಾರ್ಡನ್. ನಿಜಕ್ಕೂ ಭಾರವಿತ್ತು. ತುಕ್ಕಿನ ವಾಸನೆ, ಹಳೆಯ ನೀರಿನ ವಾಸನೆ. ನಾಲ್ವರೂ ಅಂಗುಲ ಅಂಗುಲವಾಗಿ ಸರಿದು ಬಾಗಿಲಿಗೆ ಬರುವಷ್ಟರಲ್ಲಿ ಬೆವರಿಳಿಯಿತು. ಬಾಗಿಲಲ್ಲಿ ಬಾಯ್ಲರ್ ಸಿಕ್ಕಿಕೊಂಡಿತು. ಬಲಕ್ಕೆ ಓರೆ ಮಾಡಿ ಎಂದ ಗಾರ್ಡನ್. ಎಡಕ್ಕೆ ಓರೆ ಮಾಡದಿದ್ದರೆ ಚೌಕಟ್ಟು ಹೋಗುತ್ತದೆ, ಚೌಕಟ್ಟಿಗೆ ಹೋದ ತಿಂಗಳು ತಾನೇ ಬಣ್ಣ ಹಚ್ಚಿಸಿದ್ದು ಎಂದು ಏವಿಸ್ ಹೊರಗಿನಿಂದ ಕೂಗಿದಳು.

"ಒಳಗೆ ತಂದಾಗ ಹೇಗೆ ತಂದ್ರೋ?" ಎಂದು ಪಾದ್ರಿ ಏದುಸಿರು ಬಿಟ್ಟ.

"ಆಗ ಈ ಗೋಡೆ ಇರ್ಲಿಲ್ಲ," ಎಂದ ಗಾರ್ಡನ್.

"ಇದನ್ನ ಈಗ ಹೇಳ್ತಿದೀಯಲ್ಲೋ," ಎಂದಳು ಏವಿಸ್.

"ಯಾರೂ ಕೇಳ..." ಎಂದು ಶುರು ಮಾಡಿ ಗಾರ್ಡನ್ ತಡೆದ. ಏವಿಸ್ ಕಾದಳು. ಅವನು ಬಾಯ್ಲರಿನ ಅಂಚಿನ ಮೇಲಿಂದ ಅವಳನ್ನು ನೋಡಿ, "ಹೇಳ್ಬೇಕಿತ್ತು," ಎಂದ.

ಏವಿಸ್ ತನ್ನ ಬಣ್ಣದ ಚೌಕಟ್ಟನ್ನು ಒಮ್ಮೆ ನೋಡಿಕೊಂಡು ನಿಟ್ಟುಸಿರು ಬಿಟ್ಟಳು. "ಸರಿ, ನಿನ್ನ ಬಲಕ್ಕೇ ಮಾಡು." ಹಾಗೆಂದವಳು ತಾನೂ ಬಂದು ಒಂದು ಕೈ ಹಾಕಿದಳು. ಹೊರಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದ ನೊರೀನ್, ಎರಡೂ ತಪ್ಪು, ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು ಎಂದು ಹೇಳಿದಳು. ಗೇನರ್ ಬೆರಳು ಸರಿಮಾಡಿಕೊಂಡು, ಉಸಿರು ಕಟ್ಟಿ, ಉಳಿದವರ ಜೊತೆ ಹಿಂದಕ್ಕೆ ಹೆಜ್ಜೆಯಿಟ್ಟಳು.